ಎದೆ ಹಾರಿದರೆ ಮಾತ್ರೆಯೊಂದೇ ಗತಿಯೆ?

ಪುಣೆಯಲ್ಲಿ ಎದೆಬಡಿತದ ತೊಂದರೆ ಹೇಳಿಕೊಂಡು ಹೋದ ಹರೆಯದವರಿಗೆ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ. ಮೊದಲು ‘ಟೆನ್ಶನ್ ಮಾಡಿಕೊಳ್ಳಬೇಡಿ’ ಎಂಬ ಮಾತು. ಅದರಿಂದ ಗುಣ ಕಾಣದಿದ್ದರೆ ಒಂದು ಬೀಟಾ ಬ್ಲಾಕರ್ ಮಾತ್ರೆ. ಮಾತ್ರೆ ನುಂಗಿಯೂ ಎದೆ ಹಾರಿದರೆ ಮಾತ್ರೆಯ ಪ್ರಮಾಣ ಇಮ್ಮಡಿ. ಕ್ಯಾಥೆಟರ್ ಅಬ್ಲೇಶನ್ ಎಂಬ ಹೆಸರು ಬಾಯಿಗೆ ಬರುವುದು ಇದೆಲ್ಲ ಆಗಿ ವರ್ಷಗಳು ಕಳೆದ ಮೇಲೆ. ಅದೂ ಹೆದರಿಸುವ ದನಿಯಲ್ಲಿ: ‘ಕಡೆಗೆ ಅದೊಂದಿದೆ, ಆದರೆ ಹೃದಯದ ಒಳಗೆ ಸುಡುವ ಕೆಲಸ, ಈಗಲೇ ಯಾಕೆ?’ ಕೋಥ್ರೂಡಿನ ಮನೆವೈದ್ಯರಿಂದ ಹಿಡಿದು ಹಿಂಜವಡಿಯ ಐಟಿ ಗೆಳೆಯರವರೆಗೆ, ಪಿಂಪ್ರಿಯಲ್ಲಿ ನೆಲೆಸಿದ ವಿಜಯಪುರ, ಕಲಬುರಗಿ ಕಡೆಯ ಮನೆಗಳವರೆಗೆ ಈ ಅನುಕ್ರಮವನ್ನು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಇದನ್ನು ಅವರು ಎಚ್ಚರಿಕೆ ಎಂದು ಕರೆಯುತ್ತಾರೆ. ಒಂದು ನಿರ್ದಿಷ್ಟ ಬಗೆಯ ಎದೆಬಡಿತದ ಮಟ್ಟಿಗೆ ಈ ಅನುಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಹುಟ್ಟಿನಿಂದಲೇ ಹೃದಯದಲ್ಲಿ ಒಂದು ಹೆಚ್ಚುವರಿ ವಿದ್ಯುತ್ ಹಾದಿ ಇದ್ದು, ಅದರಿಂದ ಪದೇ ಪದೇ ಎದೆ ಹಾರುವವರಿಗೆ ಅಬ್ಲೇಶನ್ ಕಡೆಯ ಆಯ್ಕೆಯಾಗಬಾರದು. ಮೊದಲ ಮಾತುಕತೆಯಲ್ಲೇ ಅದು ಮೇಜಿನ ಮೇಲೆ ಬರಬೇಕು.

ಈ ಹಾದಿ ಎಂದರೇನು ಎಂಬುದನ್ನು ಮೊದಲು ತಿಳಿಯಬೇಕು; ಅದು ತಿಳಿದರೆ ಅರ್ಧ ವಾದ ಮುಗಿದಂತೆ. ಹೃದಯದ ಮೇಲಿನ ಎರಡು ಕೋಣೆಗಳ ಸ್ನಾಯುವಿಗೂ ಕೆಳಗಿನ ಎರಡು ಕೋಣೆಗಳ ಸ್ನಾಯುವಿಗೂ ನಡುವೆ, ಕವಾಟಗಳ ಸುತ್ತ, ನಾರಿನ ಒಂದು ಉಂಗುರವಿದೆ. ವಿದ್ಯುತ್ ಅದನ್ನು ದಾಟುವುದಿಲ್ಲ. ಮೇಲಿನಿಂದ ಕೆಳಕ್ಕೆ ಸಂಕೇತ ಇಳಿಯಲು ಇರುವುದು ಒಂದೇ ಬಾಗಿಲು, ಎವಿ ನೋಡ್. ಜಪಾನಿನ ಸುನಾವೊ ತವಾರಾ 1906ರಲ್ಲಿ ಅದನ್ನು ವಿವರಿಸಿದರು. ಪುಣೆಯಿಂದ ಸಾತಾರಾ ಕಡೆಗೆ ಹೋಗುವಾಗ ಖೇಡ್ ಶಿವಾಪುರದ ಟೋಲ್ ನಾಕಾದಲ್ಲಿ ಪ್ರತಿ ಗಾಡಿಯೂ ನಿಧಾನಿಸಿ ಹೋಗುವ ಹಾಗೆ, ಪ್ರತಿ ಸಂಕೇತವೂ ಇಲ್ಲಿ ಕ್ಷಣಕಾಲ ತಡೆದು ಮುಂದೆ ಹೋಗುತ್ತದೆ. ಮೇಲಿನ ಕೋಣೆಗಳು ರಕ್ತವನ್ನು ಪೂರ್ತಿ ಕೆಳಗೆ ತುಂಬಿಸಲು ಆ ತಡೆ ಬೇಕು. ಸಾವಿರಕ್ಕೆ ಒಬ್ಬರಿಂದ ಮೂವರಲ್ಲಿ ಮಾತ್ರ ಗರ್ಭದಲ್ಲೇ ಮಾಯವಾಗಬೇಕಿದ್ದ ಸ್ನಾಯುವಿನ ಒಂದು ಸಣ್ಣ ಎಳೆ ಆ ನಾರಿನ ಉಂಗುರವನ್ನು ದಾಟಿ ಉಳಿದುಬಿಡುತ್ತದೆ. ಅದೇ ಅಡ್ಡದಾರಿ. ಅಲ್ಲಿ ತಡೆಯಿಲ್ಲ. ಕೆಳಗಿಳಿದ ಸಂಕೇತ ಈ ಅಡ್ಡದಾರಿಯಿಂದ ಮತ್ತೆ ಮೇಲೆ ಹತ್ತಿ, ಎವಿ ನೋಡ್ ಮೂಲಕ ಮತ್ತೆ ಇಳಿದು, ಸುತ್ತತೊಡಗಿದರೆ ಹೃದಯ ನಿಮಿಷಕ್ಕೆ 150ರಿಂದ 250 ಸಲ ಬಡಿಯುತ್ತದೆ. ಇದರ ನೆಂಟನಂಥ ಇನ್ನೊಂದು ಬಗೆಯಲ್ಲಿ ಸುತ್ತು ಎವಿ ನೋಡ್ ಸುತ್ತಮುತ್ತಲೇ ನಡೆಯುತ್ತದೆ. ಎರಡನ್ನೂ ಸೇರಿಸಿ ವೈದ್ಯರು ಎಸ್‌ವಿಟಿ ಎನ್ನುತ್ತಾರೆ.

ಇಲ್ಲಿ ರಕ್ತನಾಳ ಕಟ್ಟಿಲ್ಲ, ಸ್ನಾಯು ಸೋತಿಲ್ಲ, ಕವಾಟ ಕೆಟ್ಟಿಲ್ಲ. ಬಹುಪಾಲು ಜನರಲ್ಲಿ ಉಳಿದ ಹೃದಯವೆಲ್ಲ ಗಟ್ಟಿಯಾಗಿಯೇ ಇರುತ್ತದೆ. ಬೋಸ್ಟನ್ನಿನ ಲೂಯಿ ವುಲ್ಫ್, ಪಾಲ್ ಡಡ್ಲಿ ವೈಟ್ ಮತ್ತು ಲಂಡನ್ನಿನ ಜಾನ್ ಪಾರ್ಕಿನ್ಸನ್ 1930ರಲ್ಲಿ 11 ಜನರ ಇಸಿಜಿಗಳನ್ನು ಒಟ್ಟುಗೂಡಿಸಿ ಬರೆದಾಗ ಅವರನ್ನು ಬೆರಗುಗೊಳಿಸಿದ್ದೂ ಇದೇ: ರೋಗಿಗಳು ಎಳೆಯರು, ಆರೋಗ್ಯವಂತರು, ಆದರೆ ಇಸಿಜಿ ವಿಚಿತ್ರ, ನಡುನಡುವೆ ಎದೆ ಓಡುತ್ತದೆ. ಮೂವರ ಹೆಸರೂ ಸೇರಿ ಡಬ್ಲ್ಯುಪಿಡಬ್ಲ್ಯು ಎಂಬ ಹೆಸರು ಬಂತು. ಅವರು ಅದನ್ನು ವೇಗಸ್ ನರದ ಪ್ರಭಾವ ಎಂದು ಊಹಿಸಿದ್ದರು. ಸ್ನಾಯುವಿನ ಎಳೆಯೊಂದಿದೆ ಎಂಬ ವಿವರಣೆ ಬೇರೆಯವರಿಂದ ಬಂದದ್ದು ಎರಡು ಮೂರು ವರ್ಷಗಳ ನಂತರ. ಆ ಊಹೆ ಕೈಬಿಟ್ಟು 90 ವರ್ಷವಾದರೂ ‘ನರದ ದೌರ್ಬಲ್ಯ’ ಎಂಬ ಮಾತು ನಮ್ಮ ಕ್ಲಿನಿಕ್ಕುಗಳಲ್ಲಿ ಇನ್ನೂ ಬದುಕಿದೆ.

ಪಿಂಪ್ರಿಯ ಒಬ್ಬ ಹೆಣ್ಣುಮಗಳ ಮಾತು ಇಲ್ಲಿ ಹೇಳಬೇಕು. ಊರು ಇಂಡಿ ತಾಲ್ಲೂಕಿನ ಕಡೆಯದು, ಗಂಡ ಕಾರ್ಖಾನೆಯಲ್ಲಿ ಕೆಲಸಕ್ಕೆ. ‘ಒಮ್ಮೆಲೆ ಸುರು ಆಗತೈತ್ರಿ, ಒಮ್ಮೆಲೆ ನಿಂದರತೈತಿ. ನಡಕ ನಾ ಏನ ಮಾಡಿದ್ರೂ ಕೇಳಂಗಿಲ್ಲ’ ಎಂದಳು. ಕುಕ್ಕರ್ ಇಳಿಸಲು ಬಗ್ಗಿದಾಗ, ನೀರಿನ ಕೊಡ ಎತ್ತುವಾಗ, ಒಮ್ಮೊಮ್ಮೆ ಸುಮ್ಮನೆ ಕೂತಾಗಲೂ. ಬಡಿತದ ಓಟ ನಿಂತ ಮೇಲೆ ಮೂತ್ರಕ್ಕೆ ಓಡಬೇಕಾಗುತ್ತದೆ ಎಂದಳು. ಅದನ್ನು ಯಾರೂ ಕೇಳಿರಲಿಲ್ಲ. ಅತ್ತೆಯ ಪ್ರಕಾರ ಇದು ತವರಿನ ಚಿಂತೆ. ಕ್ಲಿನಿಕ್ಕಿನ ಪ್ರಕಾರ ಟೆನ್ಶನ್, ರಕ್ತ ಕಡಿಮೆ, ನಿದ್ದೆ ಕಡಿಮೆ. ಪ್ರತಿ ಸಲ ಇಸಿಜಿ ತೆಗೆದರು, ಪ್ರತಿ ಸಲವೂ ನಾರ್ಮಲ್. ಆ ಇಸಿಜಿಗಳನ್ನೆಲ್ಲ ಅವಳು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಇಟ್ಟುಕೊಂಡಿದ್ದಳು. ಒಂದೊಂದಾಗಿ ಬಿಡಿಸಿ ನೋಡಿದೆ. ಎಲ್ಲವನ್ನೂ ತೆಗೆದದ್ದು ಎದೆ ಹಾರುವುದು ನಿಂತ ಮೇಲೆ. ಬಡಿತ ನಿಮಿಷಕ್ಕೆ 80ರ ಸುಮಾರು, ಗೆರೆಗಳು ಅಚ್ಚುಕಟ್ಟು.

ಒಂದು ಕ್ಷಣ ಆ ಕಾಗದದ ಮೇಲೆ ಕಣ್ಣಿಡೋಣ. ಇಸಿಜಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಒಂದು ಸಣ್ಣ ಚೌಕ ಎಂದರೆ 0.04 ಸೆಕೆಂಡ್. ಮೇಲಿನ ಕೋಣೆಯ ಸಣ್ಣ ಉಬ್ಬಿನಿಂದ ಕೆಳಗಿನ ಕೋಣೆಯ ಚೂಪು ಗೆರೆಯವರೆಗೆ ಸಾಮಾನ್ಯವಾಗಿ ಮೂರರಿಂದ ಐದು ಚೌಕ ಹಿಡಿಯುತ್ತದೆ. ಅಡ್ಡದಾರಿ ಮೇಲಿನಿಂದ ಕೆಳಕ್ಕೂ ಸಾಗಿಸುವಂತಿದ್ದರೆ ಈ ಅಂತರ ಮೂರು ಚೌಕಕ್ಕಿಂತ ಕಡಿಮೆಯಾಗುತ್ತದೆ, ಚೂಪು ಗೆರೆಯ ಬುಡ ಓರೆಯಾಗಿ ಏರುತ್ತದೆ. ಆ ಓರೆಯೇ ಡೆಲ್ಟಾ ಅಲೆ. ಆದರೆ ಎಷ್ಟೋ ಜನರಲ್ಲಿ ಅಡ್ಡದಾರಿ ಕೆಳಗಿನಿಂದ ಮೇಲಕ್ಕೆ ಮಾತ್ರ ಸಾಗಿಸುತ್ತದೆ. ಅಂಥವರ ಇಸಿಜಿ ಸುಮ್ಮನಿದ್ದಾಗ ಪೂರ್ತಿ ನಾರ್ಮಲ್. ಎವಿ ನೋಡ್ ಸುತ್ತಲಿನ ಬಗೆಯದರಲ್ಲೂ ಹಾಗೆಯೇ. ಅಂದರೆ ‘ಇಸಿಜಿ ನಾರ್ಮಲ್ ಇದೆ, ಆದ್ದರಿಂದ ಮನಸ್ಸಿನ ಸಮಸ್ಯೆ’ ಎಂಬ ತೀರ್ಮಾನಕ್ಕೆ ಆ ಕಾಗದದಲ್ಲಿ ಯಾವ ಆಧಾರವೂ ಇಲ್ಲ. ಆ ಹೊತ್ತಿಗೆ ಸುತ್ತು ನಡೆಯುತ್ತಿರಲಿಲ್ಲ ಎನ್ನುವುದನ್ನಷ್ಟೇ ಅದು ಹೇಳುತ್ತದೆ.

ಟೆನ್ಶನ್ ವಾದ ಪುಣೆ ಕಟ್ಟಿದ ಕಥೆಯಲ್ಲ, ಎಲ್ಲ ಕಡೆಯೂ ಇದೆ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಒಂದು ಅಧ್ಯಯನ ಎಸ್‌ವಿಟಿ ಖಚಿತವಾಗಿದ್ದ 107 ಜನರ ಹಿಂದಿನ ಕಥೆಯನ್ನು ಕೆದಕಿತು. ಮೂರರಲ್ಲಿ ಎರಡು ಪಾಲು ಜನರ ಲಕ್ಷಣಗಳು ಪ್ಯಾನಿಕ್ ಕಾಯಿಲೆಯ ಪಟ್ಟಿಗೆ ಹೊಂದುತ್ತಿದ್ದವು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮೊದಲ ತಪಾಸಣೆಯಲ್ಲಿ ರೋಗ ಸಿಕ್ಕಿರಲಿಲ್ಲ. ಹಾಗೆ ತಪ್ಪಿಸಿಕೊಂಡವರ ಲಕ್ಷಣಗಳಿಗೆ ಆತಂಕವೇ ಕಾರಣ ಎಂದು ವೈದ್ಯರು ಹೇಳಿದ್ದು ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು. ಇದರಲ್ಲಿ ಅಚ್ಚರಿಯಿಲ್ಲ. ಏಕಾಏಕಿ ನಿಮಿಷಕ್ಕೆ 200 ಸಲ ಎದೆ ಬಡಿದರೆ ಯಾರಿಗಾದರೂ ಸಾಯುವ ಭಯ ಹುಟ್ಟುತ್ತದೆ. ಭಯ ಬಡಿತದಿಂದ ಬಂದದ್ದು. ಬಡಿತ ಭಯದಿಂದ ಬಂತು ಎಂದು ಬರೆದಾಗ ಕಾರಣಕಾರ್ಯ ಬುಡಮೇಲಾಗುತ್ತದೆ. ವ್ಯತ್ಯಾಸ ತಿಳಿಯಲು ದುಬಾರಿ ಯಂತ್ರ ಬೇಡ. ಆತಂಕದ ಬಡಿತ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಇದು ಥಟ್ಟನೆ ಹತ್ತಿ ಥಟ್ಟನೆ ನಿಲ್ಲುತ್ತದೆ. ಕುತ್ತಿಗೆಯಲ್ಲಿ ಬಡಿತ ಕಾಣುತ್ತದೆಯೇ, ನಿಂತ ಮೇಲೆ ಮೂತ್ರ ಹೆಚ್ಚು ಹೋಗುತ್ತದೆಯೇ, ಮುಕ್ಕಿದರೆ ಅಥವಾ ತಣ್ಣೀರು ಕುಡಿದರೆ ನಿಂತದ್ದುಂಟೇ ಎಂದು ಕೇಳಲು ಎರಡು ನಿಮಿಷ ಸಾಕು.

ಈಗ ಮಾತ್ರೆಯ ವಿಷಯ. ‘ಮೊದಲು ಔಷಧ, ಕಡೆಗೆ ಅಬ್ಲೇಶನ್’ ಎಂಬ ಅನುಕ್ರಮ ಒಂದು ಕಾಲದಲ್ಲಿ ಸರಿಯಾಗಿಯೇ ಇತ್ತು. ಆ ಕಾಲ ಯಾವುದೆಂದು ನೋಡಿದರೆ ಇಂದು ಅದು ಯಾಕೆ ಸಲ್ಲದು ಎಂಬುದು ತಾನೇ ತಿಳಿಯುತ್ತದೆ. 1968ರ ಮೇ ತಿಂಗಳಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಿಲ್ ಸೀಲಿ ಎಂಬ ಶಸ್ತ್ರವೈದ್ಯರು 32 ವರ್ಷದ ಒಬ್ಬ ಮೀನುಗಾರನ ಎದೆ ತೆರೆದು, ಹೃದಯದ ಮೇಲ್ಮೈಯಲ್ಲಿ ವಿದ್ಯುತ್ತಿನ ಹಾದಿ ಹುಡುಕಿ, ಅಡ್ಡದಾರಿಯನ್ನು ಕತ್ತರಿಸಿದರು. ಅದು ಗೆದ್ದಿತು. ಮುಂದಿನ ಒಂದು ದಶಕಕ್ಕೂ ಹೆಚ್ಚು ಕಾಲ ಈ ರೋಗವನ್ನು ಬೇರುಸಹಿತ ಕಳೆಯುವ ದಾರಿ ತೆರೆದ ಹೃದಯದ ಶಸ್ತ್ರಚಿಕಿತ್ಸೆಯೊಂದೇ. 80ರ ದಶಕದ ಆರಂಭದಲ್ಲಿ ಕ್ಯಾಥೆಟರ್ ಮೂಲಕ ಹೃದಯದೊಳಗೆ ನೇರ ವಿದ್ಯುತ್ ಶಾಕ್ ಕೊಡುವ ವಿಧಾನ ಬಂತು. ಅದಕ್ಕೆ ರೋಗಿಯನ್ನು ಪೂರ್ತಿ ಮಂಪರಿಗೆ ಒಯ್ಯಬೇಕಿತ್ತು, ಒಳಗೆ ಸಣ್ಣ ಸ್ಫೋಟವೇ ಆಗುತ್ತಿತ್ತು. ಎದೆ ಸೀಳಿಸಿಕೊಳ್ಳುವುದು, ಇಲ್ಲವೆ ಮಾತ್ರೆ ನುಂಗುವುದು: ಈ ಎರಡರಲ್ಲಿ ಆರಿಸಬೇಕಾದಾಗ ಯಾವ ವೈದ್ಯರಾದರೂ ಮಾತ್ರೆಯನ್ನೇ ಮೊದಲು ಬರೆಯಬೇಕಿತ್ತು.

1991ರಲ್ಲಿ ಲೆಕ್ಕ ಬದಲಾಯಿತು. ಒಕ್ಲಹೋಮಾದ ವಾರೆನ್ ಜಾಕ್‌ಮನ್ ಮತ್ತು ಸಂಗಡಿಗರು ರೇಡಿಯೋಫ್ರೀಕ್ವೆನ್ಸಿ ವಿದ್ಯುತ್ ಬಳಸಿ 166 ಜನರಲ್ಲಿ ಅಡ್ಡದಾರಿ ಮುಚ್ಚಲು ಹೊರಟು 164 ಜನರಲ್ಲಿ ಗೆದ್ದ ವರದಿ ಬಂತು. ಎದೆ ತೆರೆಯಲಿಲ್ಲ, ತೊಡೆಸಂದಿಯ ರಕ್ತನಾಳದಿಂದ ಒಳಹೋದರು. ಅಲ್ಲಿಂದೀಚೆಗೆ ಮೂರು ದಶಕ ಕಳೆದಿದೆ. 2015ರ ಅಮೆರಿಕದ ಮಾರ್ಗಸೂಚಿಯೂ 2019ರ ಯುರೋಪಿನ ಮಾರ್ಗಸೂಚಿಯೂ ಪದೇ ಪದೇ ಎಸ್‌ವಿಟಿ ಕಾಡುವವರಿಗೆ ಅಬ್ಲೇಶನ್ನನ್ನು ಅತ್ಯಂತ ಗಟ್ಟಿ ಶಿಫಾರಸಿನ ದರ್ಜೆಯಲ್ಲಿ ಇಟ್ಟಿವೆ. ಮಾತ್ರೆ ಸೋತ ಮೇಲೆ ಮಾತ್ರ ಎಂಬ ಷರತ್ತು ಅವುಗಳಲ್ಲಿಲ್ಲ. ಆದರೂ ನಮ್ಮ ಕಡೆ 1985ರ ಅನುಕ್ರಮವೇ ನಡೆಯುತ್ತಿದೆ. ಮಾತು ಹಳೆಯದಾದಷ್ಟೂ ಅದಕ್ಕೆ ಜವಾಬ್ದಾರಿಯ ಬಣ್ಣ ಬರುತ್ತದೆ, ಪ್ರಶ್ನಿಸುವವರು ಕಡಿಮೆಯಾಗುತ್ತಾರೆ.

ಮಾತ್ರೆ ಏನು ಮಾಡುತ್ತದೆ? ಮೆಟೊಪ್ರೊಲಾಲ್, ವೆರಾಪಮಿಲ್ ಮುಂತಾದವು ಎವಿ ನೋಡನ್ನು ನಿಧಾನಗೊಳಿಸಿ ಸುತ್ತು ಹತ್ತದಂತೆ ನೋಡುತ್ತವೆ. ಕೆಲವರಿಗೆ ಅಷ್ಟು ಸಾಕು. ವರ್ಷಕ್ಕೊಮ್ಮೆ ಬಂದು ಮುಕ್ಕಿದರೆ ಹೋಗುವಂಥ ತೊಂದರೆಗೆ, ಇಸಿಜಿಯಲ್ಲಿ ಡೆಲ್ಟಾ ಅಲೆ ಇಲ್ಲದಿದ್ದರೆ, ದಿನವೂ ಮಾತ್ರೆಯೂ ಬೇಡ. ಆದರೆ ಯಾವ ಮಾತ್ರೆಯೂ ಆ ಎಳೆಯನ್ನು ಕರಗಿಸುವುದಿಲ್ಲ. 24ರ ಹುಡುಗನಿಗೆ ಮಾತ್ರೆ ಬರೆದರೆ ನಲವತ್ತು ವರ್ಷಕ್ಕೆ ಬರೆದಂತೆ. ಮೈ ಜಡ, ಬಿಪಿ ಇಳಿತ, ಅಸ್ತಮಾ ಇದ್ದವರಿಗೆ ಉಬ್ಬಸ, ಊರಿಗೆ ಹೋದಾಗ ಮಾತ್ರೆ ಮರೆತರೆ ಮತ್ತೆ ಬಡಿತ. ಇನ್ನೂ ಕೆಟ್ಟದ್ದು ಅಮಿಯೊಡರೋನ್. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಅಯೋಡಿನ್ನೇ ಇರುವ ಈ ಔಷಧ ಥೈರಾಯ್ಡ್, ಶ್ವಾಸಕೋಶ, ಯಕೃತ್ತುಗಳನ್ನು ಕೆಡಿಸಬಲ್ಲದು, ನಿಲ್ಲಿಸಿದ ಮೇಲೂ ವಾರಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಗಟ್ಟಿ ಹೃದಯದ ಎಳೆಯರಿಗೆ ಇದನ್ನು ವರ್ಷಗಟ್ಟಲೆ ಕೊಡುವುದಕ್ಕೆ ಎಚ್ಚರಿಕೆ ಎಂಬ ಹೆಸರು ಒಪ್ಪುವುದಿಲ್ಲ.

ಡೆಲ್ಟಾ ಅಲೆ ಇರುವವರಲ್ಲಿ ಮಾತ್ರೆಯ ಲೆಕ್ಕ ಮತ್ತೂ ಬಿಗಡಾಯಿಸುತ್ತದೆ. ಇವರಲ್ಲಿ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಕಂಪಿಸತೊಡಗಿದರೆ ಆ ಅಲ್ಲೋಲಕಲ್ಲೋಲವೆಲ್ಲ ತಡೆಯಿಲ್ಲದ ಅಡ್ಡದಾರಿಯಿಂದ ಕೆಳಗೆ ನುಗ್ಗಬಹುದು. ಆಗ ಹೃದಯ ನಿಂತೇ ಹೋಗುವ ಅಪಾಯವಿದೆ. ಅಪರೂಪ, ಆದರೆ ಸುಳ್ಳಲ್ಲ. ಆ ಹೊತ್ತಿನಲ್ಲಿ ತುರ್ತುಕೋಣೆಯಲ್ಲಿ ರೂಢಿಯಂತೆ ವೆರಾಪಮಿಲ್ ಇಂಜೆಕ್ಷನ್ ಕೊಟ್ಟರೆ ಎವಿ ನೋಡ್ ಮುಚ್ಚಿ, ಅಡ್ಡದಾರಿಗೆ ಇನ್ನಷ್ಟು ಅನುಕೂಲವಾಗಿ, ರೋಗಿ ಕುಸಿಯಬಹುದು. ಪರಿಚಯವಿಲ್ಲದ ಊರಿನ ರಾತ್ರಿಪಾಳಿಯ ವೈದ್ಯರು ಯಾವ ಇಂಜೆಕ್ಷನ್ ಎತ್ತಿಕೊಳ್ಳುತ್ತಾರೆ ಎಂಬುದರ ಮೇಲೆ ಒಬ್ಬನ ಜೀವ ನಿಂತಿರುವ ಸ್ಥಿತಿಯನ್ನು ವರ್ಷಗಟ್ಟಲೆ ಮುಂದುವರಿಸುವುದು ಸುರಕ್ಷಿತ ದಾರಿ ಹೇಗಾದೀತು?

‘ಸುಡುವುದು’ ಎಂಬ ಮಾತು ಜನರ ಮನಸ್ಸಿನಲ್ಲಿ ಕಟ್ಟಿಕೊಡುವ ಚಿತ್ರಕ್ಕೂ ಕ್ಯಾಥ್ ಲ್ಯಾಬಿನಲ್ಲಿ ನಡೆಯುವುದಕ್ಕೂ ಬಹಳ ದೂರ. ಪುಣೆಯ ಒಂದು ಆಸ್ಪತ್ರೆಯಲ್ಲಿ ಅನುಮತಿ ಪಡೆದು ಗಾಜಿನ ಈಚೆಯ ಕೋಣೆಯಲ್ಲಿ ಕೂತು ನೋಡಿದ್ದನ್ನು ಹೇಳುತ್ತೇನೆ. ರೋಗಿ ಎಚ್ಚರವಾಗಿದ್ದರು, ತೊಡೆಸಂದಿಗೆ ಮಾತ್ರ ಮರಗಟ್ಟುವ ಇಂಜೆಕ್ಷನ್. ಎರಡು ಮಿಲಿಮೀಟರ್ ದಪ್ಪದ ತಂತಿಯಂಥ ಕ್ಯಾಥೆಟರ್‌ಗಳು ಒಂದೊಂದಾಗಿ ಹೃದಯ ಸೇರಿದವು. ಅವುಗಳಲ್ಲೊಂದು ಎಡಭಾಗದ ಕವಾಟದ ಅಂಚನ್ನು ಬಳಸಿ ಹೋಗುವ ಸಿರೆಯಲ್ಲಿ ಮಲಗಿತ್ತು, ಮೈತುಂಬ ಎಲೆಕ್ಟ್ರೋಡುಗಳು. ಪರದೆಯ ಮೇಲೆ ಅವುಗಳಿಂದ ಬರುವ ಐದು ಸಾಲು ಗೆರೆ. ವೈದ್ಯರು ಹೊರಗಿನಿಂದ ಅಳೆದ ಹೊತ್ತಿಗೆ ಸಣ್ಣ ಬಡಿತ ಕೊಡುತ್ತ ಹೋದರು, ಸುತ್ತು ಹತ್ತಿತು, ನಿಮಿಷಕ್ಕೆ 190. ‘ಇದೇ ಅಲ್ವಾ ನಿಮಗೆ ಆಗೋದು?’ ಎಂದು ಮರಾಠಿಯಲ್ಲಿ ಕೇಳಿದಾಗ ಒಳಗಿನಿಂದ ಹೌದು ಎಂಬ ಉತ್ತರ ಬಂತು. ಸಹಜವಾಗಿದ್ದರೆ ವಾಪಸ್ ಬರುವ ಸಂಕೇತ ನಡುಗೋಡೆಯ ಬಳಿಯ ಸಾಲಿನಲ್ಲಿ ಮೊದಲು ಕಾಣಬೇಕು. ಇಲ್ಲಿ ಮೊದಲು ಕಂಡದ್ದು ಎಡತುದಿಯ ಸಾಲಿನಲ್ಲಿ. ಅಡ್ಡದಾರಿಯ ವಿಳಾಸ ಅದೇ.

ಅಬ್ಲೇಶನ್ ಕ್ಯಾಥೆಟರಿನ ನಾಲ್ಕು ಮಿಲಿಮೀಟರ್ ತುದಿ ಆ ಜಾಗ ಮುಟ್ಟಿ, ಮೇಲಿನ ಕೋಣೆಯ ಗೆರೆಯೂ ಕೆಳಗಿನ ಕೋಣೆಯ ಗೆರೆಯೂ ಒಂದಕ್ಕೊಂದು ಅಂಟಿಕೊಂಡಂತೆ ಕಂಡ ಮೇಲೆ ಕರೆಂಟ್ ಕೊಟ್ಟರು. ಜೀವಕೋಶ 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಕು, ವಿದ್ಯುತ್ ಸಾಗಿಸುವುದನ್ನು ಶಾಶ್ವತವಾಗಿ ನಿಲ್ಲಿಸುತ್ತದೆ. ಅಲ್ಲಿ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಕೆಲವೇ ಸೆಕೆಂಡಿನಲ್ಲಿ ಸುತ್ತು ಕಡಿಯಿತು, ಬಡಿತ ಎಂಬತ್ತಕ್ಕೆ ಇಳಿಯಿತು. ಒಂದು ನಿಮಿಷದವರೆಗೆ ಕರೆಂಟ್ ಮುಂದುವರಿಯಿತು. ಸತ್ತದ್ದು ಕೆಲವೇ ಮಿಲಿಮೀಟರಿನಷ್ಟು ಸ್ನಾಯು. ಆಮೇಲೆ ಅರ್ಧ ಗಂಟೆ ಕಾದು, ಮತ್ತೆ ಮತ್ತೆ ಕೆಣಕಿ, ಅಡ್ಡದಾರಿ ತೆರೆಯಲಿಲ್ಲ ಎಂದು ಖಾತ್ರಿ ಮಾಡಿಕೊಂಡರು. ನನಗೆ ಹಿಡಿಸಿದ್ದು ಈ ಕಾಯುವಿಕೆ. ಮಾತ್ರೆ ಬರೆದ ವೈದ್ಯರಿಗೆ ತಮ್ಮ ಚಿಕಿತ್ಸೆ ಫಲಿಸಿತೋ ಇಲ್ಲವೋ ತಿಳಿಯುವುದು ತಿಂಗಳ ಮೇಲೆ, ರೋಗಿಯ ಬಾಯಿಂದ. ಇಲ್ಲಿ ಉತ್ತರ ಅದೇ ಮೇಜಿನ ಮೇಲೆ ಸಿಗುತ್ತದೆ. ರೋಗಿ ಕೆಲ ಗಂಟೆ ಕಾಲು ಮಡಚದೆ ಮಲಗಿ, ಮರುದಿನ ಮನೆಗೆ ಹೋಗುತ್ತಾರೆ.

ಅಪಾಯ ಇಲ್ಲವೇ? ಇದೆ, ಅದನ್ನು ಅಂಕಿಯಲ್ಲೇ ಹೇಳಬೇಕು. ಯುರೋಪಿನ 2019ರ ಮಾರ್ಗಸೂಚಿ ಕೊಡುವ ಲೆಕ್ಕದಲ್ಲಿ ಅಡ್ಡದಾರಿಯ ಅಬ್ಲೇಶನ್ ಶೇ. 92ರಷ್ಟು ಸಲ ಗೆಲ್ಲುತ್ತದೆ, ಶೇ. 8ರಷ್ಟು ಜನರಲ್ಲಿ ಮರುಕಳಿಸುತ್ತದೆ, ತೊಡಕು ಶೇ. 1.5, ಸಾವು ಸಾವಿರಕ್ಕೆ ಒಂದು. ಎವಿ ನೋಡ್ ಸುತ್ತಲಿನ ಬಗೆಯದರಲ್ಲಿ ಗೆಲುವು ಶೇ. 97, ತೊಡಕು ಇನ್ನೂ ಕಡಿಮೆ. ಹೃದಯದ ಗೋಡೆ ತೂತಾಗಿ ಸುತ್ತ ರಕ್ತ ತುಂಬಬಹುದು, ತೊಡೆಯ ರಕ್ತನಾಳಕ್ಕೆ ಪೆಟ್ಟಾಗಬಹುದು, ಸಹಜ ಹಾದಿಯೇ ಮುಚ್ಚಿ ಪೇಸ್‌ಮೇಕರ್ ಬೇಕಾಗಬಹುದು. ಈ ಕಡೆಯ ಭಯ ನಿಜವಾಗುವುದು ಅಡ್ಡದಾರಿ ಸಹಜ ಹಾದಿಗೆ ತೀರ ಹತ್ತಿರವಿದ್ದಾಗ. ಅಲ್ಲಿ ಒಳ್ಳೆಯ ವೈದ್ಯರು ಶಾಖದ ಬದಲು ತಣ್ಣಗೆ ಹೆಪ್ಪುಗಟ್ಟಿಸುವ ಕ್ರಯೋ ವಿಧಾನ ಹಿಡಿಯುತ್ತಾರೆ. ಮೊದಲ ಹಂತದ ತಂಪಿನಲ್ಲಿ ಸಹಜ ಹಾದಿ ತಗ್ಗಿದರೆ ಬೆಚ್ಚಗಾಗಲು ಬಿಟ್ಟು ಹಿಂದೆ ಸರಿಯಬಹುದು. ಅಥವಾ ಕೈಬಿಟ್ಟು ಹೊರಬರುತ್ತಾರೆ. ಹೊರಬರುವ ಧೈರ್ಯವಿರುವ ವೈದ್ಯರನ್ನೇ ಹುಡುಕಬೇಕು. ‘ಶೇ. 100 ಗುಣ’ ಎಂದು ಬೋರ್ಡು ಹಾಕುವವರ ಮಾತು ಟೆನ್ಶನ್ ಎನ್ನುವವರ ಮಾತಿನಷ್ಟೇ ತಪ್ಪು.

ಅಬ್ಲೇಶನ್ ಬಗ್ಗೆ ಹಬ್ಬಿರುವ ಭಯಕ್ಕೆ ಇನ್ನೊಂದು ಮೂಲವಿದೆ. ‘ನಮ್ಮ ಕಾಕಾಗೆ ಮಾಡಿಸಿದ್ರು, ಮತ್ತೆ ಬಂತು’ ಎಂದು ಯಾರೋ ಹೇಳುತ್ತಾರೆ. ವಿಚಾರಿಸಿದರೆ ಅವರ ಕಾಕಾಗೆ 68 ವರ್ಷ, ಕಾಯಿಲೆ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಕಂಪಿಸುವ ಎಟ್ರಿಯಲ್ ಫಿಬ್ರಿಲೇಶನ್. ಅದರಲ್ಲಿ ಒಂದು ನಿರ್ದಿಷ್ಟ ಎಳೆಯೇ ಇಲ್ಲ. ಶ್ವಾಸಕೋಶದ ಸಿರೆಗಳ ಬಾಯಿಯಿಂದ ಹುಚ್ಚು ಬಡಿತ ಹುಟ್ಟುತ್ತದೆ ಎಂದು ಫ್ರಾನ್ಸಿನ ಬೋರ್ಡೊದಲ್ಲಿ ಮಿಶೆಲ್ ಹೈಸಗೇರ್ ತೋರಿಸಿದ್ದು 1998ರಲ್ಲಿ. ಅಲ್ಲಿಂದ ಆ ಸಿರೆಗಳ ಸುತ್ತ ಬೇಲಿ ಹಾಕಿದಂತೆ ಅಬ್ಲೇಶನ್ ಮಾಡುತ್ತಾರೆ. ಅದರ ಹಿಂದೆ ಬಿಪಿ, ತೂಕ, ನಿದ್ದೆಯ ಉಸಿರುಕಟ್ಟು, ವಯಸ್ಸು ಎಲ್ಲವೂ ಇರುವುದರಿಂದ ಮರುಕಳಿಸುವುದೂ ಹೆಚ್ಚು. ಹೆಸರು ಒಂದೇ ಎಂಬ ಮಾತ್ರಕ್ಕೆ ಆ ಕಾಯಿಲೆಯ ಫಲಿತಾಂಶವನ್ನು 22ರ ಹುಡುಗಿಯ ಅಡ್ಡದಾರಿಗೆ ಅಂಟಿಸುವುದು ದೊಡ್ಡ ಅನ್ಯಾಯ. ಆಸ್ಪತ್ರೆಗಳ ಕರಪತ್ರಗಳೂ ಇವೆರಡನ್ನೂ ಒಂದೇ ಸಾಲಿನಲ್ಲಿ ಹಾಕಿ ಈ ಗೊಂದಲ ಬೆಳೆಸುತ್ತವೆ.

ಲಕ್ಷಣವೇ ಇಲ್ಲದವರ ಪ್ರಶ್ನೆ ಬೇರೆ. ಖಡಕ್‌ವಾಸ್ಲಾದ ಎನ್‌ಡಿಎ ಸೇನಾ ಅಕಾಡೆಮಿ, ಎಎಫ್‌ಎಂಸಿ ಸೇನಾ ವೈದ್ಯಕೀಯ ಕಾಲೇಜು ಇರುವ ಪುಣೆಯಲ್ಲಿ ಸೇನೆಗೆ ಸೇರುವ ಕನಸಿನ ಹುಡುಗ ಹುಡುಗಿಯರು ಬಹಳ. ತಪಾಸಣೆಯ ಇಸಿಜಿಯಲ್ಲಿ ಡೆಲ್ಟಾ ಅಲೆ ಕಂಡು ಗಾಬರಿಯಾಗುವವರೂ ಇದ್ದಾರೆ. ಇಲ್ಲಿ ನಾನು ಕಣ್ಣುಮುಚ್ಚಿ ಅಬ್ಲೇಶನ್ ಪರ ನಿಲ್ಲುವುದಿಲ್ಲ. ಓಡುವಾಗ ಡೆಲ್ಟಾ ಅಲೆ ಥಟ್ಟನೆ ಮಾಯವಾದರೆ ಆ ಎಳೆ ದುರ್ಬಲ ಎಂದು ಅರ್ಥ, ಬಿಟ್ಟುಬಿಡಬಹುದು. ಆದರೆ ಕ್ಯಾಥೆಟರ್ ಮೂಲಕ ಹೃದಯದ ವಿದ್ಯುತ್ ಹಾದಿ ಅಳೆಯುವ ಇಪಿ (ಎಲೆಕ್ಟ್ರೋಫಿಸಿಯಾಲಜಿ) ಪರೀಕ್ಷೆಯಲ್ಲಿ ಅಪಾಯ ಹೆಚ್ಚೆಂದು ಕಂಡ ಎಳೆಯರನ್ನು ಎರಡು ಗುಂಪು ಮಾಡಿ ಇಟಲಿಯ ಕಾರ್ಲೊ ಪಪ್ಪೋನೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಬ್ಲೇಶನ್ ಆದ 37 ಜನರಲ್ಲಿ ಇಬ್ಬರಿಗೆ ಮಾತ್ರ ಮುಂದೆ ಬಡಿತದ ತೊಂದರೆ ಬಂತು, ಆಗದ 35 ಜನರಲ್ಲಿ 21 ಜನರಿಗೆ ಬಂತು.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ರೂಢಿನಂಬಿಕೆ ಮದುವೆಯ ಸುತ್ತ ಇದೆ. ‘ಮದುವೆಯಾಗಲಿ, ಒಂದು ಮಗುವಾಗಲಿ, ಆಮೇಲೆ ನೋಡೋಣ. ಈಗ ಹೃದಯದ ಆಪರೇಶನ್ ಅಂದ್ರೆ ಗಂಡಿನ ಕಡೆಯವರು ಏನಂತಾರೆ?’ ಮರಾಠಿ ಮನೆಯಲ್ಲೂ ಕನ್ನಡದ ಮನೆಯಲ್ಲೂ ಇದೇ ಮಾತು. ಬಸುರಿನಲ್ಲಿ ಮೈಯ ರಕ್ತದ ಪ್ರಮಾಣ ಏರುತ್ತದೆ, ಬಡಿತ ಹೆಚ್ಚುತ್ತದೆ, ಮೊದಲೇ ಇದ್ದ ಎಸ್‌ವಿಟಿ ಹೆಚ್ಚಾಗಿ ಕಾಡತೊಡಗುತ್ತದೆ. ಅದೇ ಹೊತ್ತಿಗೆ ಆಯ್ಕೆಗಳು ಕಿರಿದಾಗುತ್ತವೆ: ಅಟೆನೊಲಾಲ್ ಮಗುವಿನ ಬೆಳವಣಿಗೆ ಕುಂದಿಸಬಹುದು, ಅಮಿಯೊಡರೋನ್ ಮಗುವಿನ ಥೈರಾಯ್ಡ್ ಕೆಡಿಸಬಹುದು, ಎಕ್ಸರೇ ಕೆಳಗೆ ಅಬ್ಲೇಶನ್ ಮಾಡಲು ಯಾರೂ ಮುಂದಾಗರು. ಯುರೋಪಿನ ಮಾರ್ಗಸೂಚಿ ಇದನ್ನು ನೇರವಾಗಿಯೇ ಹೇಳುತ್ತದೆ: ಪದೇ ಪದೇ ಎಸ್‌ವಿಟಿ ಕಾಡುವ ಮಹಿಳೆಗೆ ಮಗು ಬೇಕೆಂದಿದ್ದರೆ ಬಸುರಿಗೆ ಮುನ್ನವೇ ಅಬ್ಲೇಶನ್ ಆಗಬೇಕು. ಮನೆಯ ಮಾನಕ್ಕಾಗಿ ಮುಂದೂಡಿದ ಒಂದು ದಿನದ ಕೆಲಸ ಅವಳ ಅತ್ಯಂತ ಕಷ್ಟದ ಒಂಬತ್ತು ತಿಂಗಳ ಮೇಲೆ ಬಂದು ಬೀಳುತ್ತದೆ. ‘ಆಪರೇಶನ್ ಆದವಳು’ ಎಂಬ ಹೆಸರಿಗೆ ಅಂಜುವವರು, ಸೀಮಂತದ ದಿನ ತುರ್ತುಕೋಣೆಗೆ ಓಡುವವಳ ಮನಸ್ಸನ್ನು ಒಮ್ಮೆ ಯೋಚಿಸಬೇಕು. ಪಿಂಪ್ರಿಯ ಆ ಹೆಣ್ಣುಮಗಳಿಗೆ ಮೊದಲ ಬಸುರಿನಲ್ಲಿ ಹೀಗೇ ಆಗಿತ್ತು. ಆಗ ಮಾತ್ರ, ಬಡಿತ ನಡೆಯುತ್ತಿರುವಾಗಲೇ ತೆಗೆದ ಮೊದಲ ಇಸಿಜಿ ಅವಳ ಕೈಗೆ ಬಂತು.

ದುಡ್ಡಿನ ಅಡ್ಡಿಯನ್ನು ನಾನು ತಳ್ಳಿಹಾಕುವುದಿಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಬಿಲ್ಲು ಲಕ್ಷ ದಾಟುತ್ತದೆ, ಹೃದಯದ ಒಳಗಿನ ನಕ್ಷೆ ಬಿಡಿಸುವ ತ್ರೀಡಿ ಮ್ಯಾಪಿಂಗ್ ಸೇರಿದರೆ ಇನ್ನೂ ಮೇಲೆ. ಎಕ್ಸರೇ ಕಡಿಮೆ ಮಾಡಲು, ತೊಡಕಿನ ಜಾಗಗಳಿಗೆ, ಮಕ್ಕಳಿಗೆ ಅದು ನಿಜವಾಗಿ ಬೇಕು. ಎಡಬದಿಯ ಸರಳ ಅಡ್ಡದಾರಿಗೆ ಹಳೆಯ ವಿಧಾನವೂ ಸಾಕು. ಯಾಕೆ ಬೇಕು ಎಂದು ಕೇಳಿ ಉತ್ತರ ಪಡೆಯಬೇಕು. ಒಮ್ಮೆ ಬಳಸಿದ ಕ್ಯಾಥೆಟರನ್ನು ಶುದ್ಧೀಕರಿಸಿ ಮತ್ತೆ ಬಳಸುವ ರೂಢಿ ನಮ್ಮ ದೇಶದಲ್ಲಿದೆ. ಹೊಸದರ ದರ ಹಾಕಿದ್ದಾರೋ ಹಳೆಯದರದೋ ಎಂದು ಮೊದಲೇ ಕೇಳುವುದು ರೋಗಿಯ ಹಕ್ಕು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಯೋಜನೆಯ ಪ್ಯಾಕೇಜ್ ಪಟ್ಟಿಯಲ್ಲಿ ಇಪಿ ಸ್ಟಡಿಯೂ ರೇಡಿಯೋಫ್ರೀಕ್ವೆನ್ಸಿ ಅಬ್ಲೇಶನ್ನೂ ಇವೆ. ಮಹಾರಾಷ್ಟ್ರದಲ್ಲಿ ಧರ್ಮಾದಾಯ ಟ್ರಸ್ಟಿನ ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ತೀರ ಬಡವರಿಗೆ ಉಚಿತವಾಗಿ, ಇನ್ನೂ ಶೇ. 10ನ್ನು ರಿಯಾಯಿತಿಯಲ್ಲಿ ಕೊಡಬೇಕೆಂಬುದು ಬಾಂಬೆ ಹೈಕೋರ್ಟ್ 2006ರಲ್ಲಿ ಒಪ್ಪಿದ ವ್ಯವಸ್ಥೆ. ಪುಣೆಯ ದೊಡ್ಡ ಹೃದಯ ವಿಭಾಗಗಳಲ್ಲಿ ಹಲವು ಇಂಥ ಟ್ರಸ್ಟುಗಳವೇ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಡಾ. ಜಯಪ್ರಕಾಶ್ ಶೆಂತಾರ್ ಅವರಂಥವರು ಸರ್ಕಾರಿ ವ್ಯವಸ್ಥೆಯೊಳಗೇ ಈ ಕೆಲಸ ನಡೆಸಿಕೊಂಡು ಬಂದದ್ದು, ಇದು ಉಳ್ಳವರಿಗಷ್ಟೇ ಸಲ್ಲುವ ಚಿಕಿತ್ಸೆಯಲ್ಲ ಎಂಬುದಕ್ಕೆ ಸಾಕ್ಷಿ. ಯೋಜನೆಯ ಕಾರ್ಡು ಕರ್ನಾಟಕದ್ದು, ದುಡಿಮೆ ಪುಣೆಯಲ್ಲಿ ಎಂಬ ಕುಟುಂಬಗಳು ಮಾತ್ರ ರೆಫರಲ್ ಚೀಟಿಗಾಗಿ ಎರಡು ರಾಜ್ಯಗಳ ನಡುವೆ ಅಲೆಯುತ್ತಿವೆ. ವಾದಿಸಬೇಕಾದ ಜಾಗ ಅದು. ದುಡ್ಡಿಲ್ಲ ಎಂಬ ಕಾರಣಕ್ಕೆ ‘ಈಗಲೇ ಬೇಡ’ ಎನ್ನುವುದನ್ನು ವೈದ್ಯಕೀಯ ಸಲಹೆಯಂತೆ ಒಪ್ಪಿಸಬಾರದು. ಹಣದ ತೊಡಕು ಎಂದು ಹೇಳಿದರೆ ಪರಿಹಾರ ಹುಡುಕಬಹುದು, ‘ಸುಡುವ ಕೆಲಸ’ ಎಂದು ಹೆದರಿಸಿದರೆ ಯಾರೂ ಹುಡುಕುವುದಿಲ್ಲ.

ರಾಜ್ಯೋತ್ಸವದ ಹೊತ್ತಿಗೆ ಪುಣೆಯ ಕನ್ನಡ ಸಂಘಗಳು ಆರೋಗ್ಯ ಶಿಬಿರ ನಡೆಸುತ್ತವೆ. ಬಿಪಿ, ಸಕ್ಕರೆ, ಒಂದು ಇಸಿಜಿ, ‘ನಾರ್ಮಲ್’ ಎಂದು ಸಹಿ ಹಾಕಿದ ಚೀಟಿ. ಎದೆ ಹಾರುತ್ತದೆ ಎಂದು ಬಂದವಳಿಗೆ ಆ ಚೀಟಿ ಉಪಕಾರ ಮಾಡುವುದಿಲ್ಲ. ಮನೆಯಲ್ಲಿ ‘ನೋಡು, ಏನೂ ಇಲ್ಲ’ ಎನ್ನುವವರ ಕೈಗೆ ಒಂದು ಕಾಗದ ಕೊಟ್ಟಂತಾಗುತ್ತದೆ. ಆ ಚೀಟಿಯ ಕೆಳಗೆ ಕನ್ನಡದಲ್ಲಿ, ಮರಾಠಿಯಲ್ಲಿ, ಹಿಂದಿಯಲ್ಲಿ ಇನ್ನೆರಡು ಸಾಲು ಅಚ್ಚಾಗಬೇಕು: ಎದೆ ಹಾರದಿದ್ದಾಗ ತೆಗೆದ ಇಸಿಜಿ ಇದು, ಹಾರುವಾಗ ಏನಾಗುತ್ತದೆಂದು ಇದು ಹೇಳುವುದಿಲ್ಲ; ಹಾರುತ್ತಿರುವಾಗಲೇ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ, ಅದರ ಪ್ರತಿ ನಿಮ್ಮ ಕೈಯಲ್ಲಿಟ್ಟುಕೊಂಡು ಇಪಿ ವೈದ್ಯರನ್ನು ಕಾಣಿ.